ಕ್ಯಾನ್ಸರ್ ಚಿಕಿತ್ಸೆ ಮುಗಿದವರ ಸ್ವನಿರ್ವಹಣೆ: ಪುಸ್ತಿಕೆ ಕೊಟ್ಟು ಜ್ಞಾನದ ಅಂಕ ಅಳೆದರೆ ಸಾಕಾ?

ಶುಶ್ರೂಷಾಪಥ
ಸ್ನಾತಕೋತ್ತರ ನರ್ಸಿಂಗ್ ಪ್ರಬಂಧದ ಪ್ರಸ್ತಾವನೆ ಬರೀತಿದ್ದೀನಿ. ವಿಷಯ: ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಮುಗಿಸಿಕೊಂಡು ಮನೆಗೆ ಹೋಗುವವರ ಸ್ವನಿರ್ವಹಣೆಗೆ (ಲಕ್ಷಣ, ಔಷಧಿ, ದಿನದ ಬದುಕನ್ನ ತಾವೇ ನೋಡ್ಕೊಳ್ಳೋದಕ್ಕೆ) ನರ್ಸ್ ಕೊಡುವ ಬೆಂಬಲ. ಕರಡು ಹೀಗಿದೆ: ಒಂದೇ ಗುಂಪು, 60 ಜನ. ಮೊದಲು 30 ಪ್ರಶ್ನೆಗಳ ಜ್ಞಾನ ಪರೀಕ್ಷೆ, ಆಮೇಲೆ 40 ನಿಮಿಷದ ಪಾಠ, ಕೈಗೊಂದು ಪುಸ್ತಿಕೆ, 7ನೇ ದಿನ ಅದೇ 30 ಪ್ರಶ್ನೆ ಮತ್ತೆ. ಇದು ಎಲ್ಲಿ ಬಿದ್ದುಹೋಗುತ್ತೆ ಅಂತ ಮುಲಾಜಿಲ್ಲದೆ ಹೇಳಿ. ಬದಲಾಯಿಸೋಕೆ ಇನ್ನೂ ಸಮಯ ಇದೆ.

ಮೂರನೇಪಾಳಿ
7ನೇ ದಿನ ಅದೇ ಪ್ರಶ್ನೆಪತ್ರಿಕೆ ಅಂದ್ರೆ ಅದು ನೆನಪಿನ ಪರೀಕ್ಷೆ. ಸ್ವನಿರ್ವಹಣೆ ಎಲ್ಲಿ ಬಂತು ಅದರಲ್ಲಿ?

ದತ್ತಾಂಶದಾಸ
ಮೊದಲ ಪೆಟ್ಟು ಬೀಳೋದು ಕಂಟ್ರೋಲ್ ಗುಂಪು ಇಲ್ಲ ಅನ್ನೋದಕ್ಕೆ. ಕೀಮೋ, ರೇಡಿಯೇಷನ್ ಮುಗಿದ ನಂತರದ ವಾರಗಳಲ್ಲಿ ಎಷ್ಟೋ ಜನರ ಸುಸ್ತು ತಾನಾಗೇ ಸ್ವಲ್ಪ ಇಳಿಯುತ್ತೆ. ಹೋಲಿಸೋಕೆ ಇನ್ನೊಂದು ಗುಂಪು ಇಲ್ಲದಿದ್ರೆ ಆ ಇಳಿಕೆಯೆಲ್ಲ ನಿಮ್ಮ ಪಾಠದ ಲೆಕ್ಕಕ್ಕೆ ಜಮಾ ಆಗುತ್ತೆ. ಸುಸ್ತು ಜಾಸ್ತಿ ಇರೋರನ್ನೇ ಆರಿಸಿದ್ರೆ ಇನ್ನೂ ಕಷ್ಟ: ಮುಂದಿನ ಅಳತೆಯಲ್ಲಿ ಅವರ ಅಂಕ ಸರಾಸರಿ ಕಡೆಗೆ ವಾಲುತ್ತೆ, ಯಾರೂ ಏನೂ ಮಾಡದಿದ್ರೂ.

ಇನ್ನು ಜ್ಞಾನದ ಅಂಕ. ಪಾಠ ಹೇಳಿ ಅದೇ ಪ್ರಶ್ನೆ ಕೇಳಿದ್ರೆ ಅಂಕ ಏರೋದು ಖಚಿತ. ಫಲಿತಾಂಶ ಮೊದಲೇ ಗೊತ್ತಿರೋ ಅಧ್ಯಯನಕ್ಕೆ ರೋಗಿಗಳ ಸಮಯ ತಗೋಬಾರದು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹಳೇಕಡತ
ಪರಿಕಲ್ಪನೆಯಿಂದ ಶುರು ಮಾಡಿ. 1988ರಲ್ಲಿ ಕಾರ್ಬಿನ್ ಮತ್ತು ಸ್ಟ್ರಾಸ್ ದೀರ್ಘಕಾಲದ ಕಾಯಿಲೆ ಇರೋರು ಮಾಡಬೇಕಾದ ಕೆಲಸವನ್ನು ಮೂರು ಭಾಗ ಮಾಡಿದ್ರು: ಚಿಕಿತ್ಸೆಗೆ ಸಂಬಂಧಿಸಿದ್ದು, ದಿನದ ಬದುಕಿನ ಪಾತ್ರಗಳಿಗೆ ಸಂಬಂಧಿಸಿದ್ದು, ಭಾವನೆಗಳಿಗೆ ಸಂಬಂಧಿಸಿದ್ದು. 2003ರಲ್ಲಿ ಲೋರಿಗ್ ಮತ್ತು ಹೋಲ್ಮನ್ ಇದರ ಮೇಲೆ ಐದು ಕೌಶಲಗಳನ್ನ ಕಟ್ಟಿದ್ರು: ಸಮಸ್ಯೆ ಬಿಡಿಸೋದು, ನಿರ್ಧಾರ ತಗೊಳ್ಳೋದು, ಸಿಗುವ ನೆರವನ್ನು ಹುಡುಕಿ ಬಳಸೋದು, ಚಿಕಿತ್ಸೆ ಕೊಡುವವರ ಜೊತೆ ಪಾಲುದಾರರಾಗೋದು, ಯೋಜನೆ ಹಾಕಿ ಕೆಲಸಕ್ಕೆ ಇಳಿಯೋದು. ನಿಮ್ಮ 40 ನಿಮಿಷದ ಪಾಠವನ್ನ ಈ ಐದರ ಪಕ್ಕ ಇಟ್ಟು ನೋಡಿ, ಯಾವುದನ್ನ ರೋಗಿ ನಿಮ್ಮೆದುರು ಅಭ್ಯಾಸ ಮಾಡ್ತಾರೆ?

ನರ್ಸಿಂಗ್‌ಗೆ ಇದು ಹೊಸದೂ ಅಲ್ಲ. ನರ್ಸಿಂಗ್ ಸಿದ್ಧಾಂತಿ ಒರೆಮ್ ಅವರ ಸ್ವಆರೈಕೆ ಸಿದ್ಧಾಂತ 1971ರಲ್ಲೇ ಬಂತು. ಮರಿಲಿನ್ ಡಾಡ್, ಕ್ರಿಸ್ಟೀನ್ ಮಿಯಾಸ್ಕೌಸ್ಕಿ ಅವರ ಪ್ರೊ-ಸೆಲ್ಫ್ ಕಾರ್ಯಕ್ರಮ ನರ್ಸ್‌ಗಳೇ ಕಟ್ಟಿದ್ದು. ಅದರ ನೋವು ನಿರ್ವಹಣೆಯ ಭಾಗದಲ್ಲಿ ಮಾಹಿತಿಯ ಜೊತೆಗೆ ಮಾತ್ರೆ ಡಬ್ಬಿ ಬಳಸೋ ಅಭ್ಯಾಸ, ನೋವು ಹತೋಟಿಗೆ ಬರದಿದ್ರೆ ವೈದ್ಯರ ಹತ್ರ ಹೇಗೆ ಮಾತಾಡಬೇಕು ಅನ್ನೋ ತಾಲೀಮು, ನರ್ಸ್ ಮತ್ತೆ ಮತ್ತೆ ಬಂದು ನೋಡೋದು, ಎಲ್ಲಾ ಇತ್ತು. ಬೆಂಬಲ ಅಂದ್ರೆ ಅಷ್ಟು.

ಬೆಳಗಿನಸುತ್ತು
ಪುಸ್ತಿಕೆಯನ್ನ ಇಷ್ಟು ಬೈಬೇಡಿ. ಬರಹದಲ್ಲಿ ಏನೂ ಇಲ್ಲದೆ ಮನೆಗೆ ಕಳಿಸೋದಕ್ಕಿಂತ ವಾಸಿ ತಾನೇ? 2005ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ವರದಿಯೇ ಚಿಕಿತ್ಸೆ ಮುಗಿಸಿದ ಪ್ರತಿಯೊಬ್ಬರಿಗೂ ಲಿಖಿತ ಆರೈಕೆ ಯೋಜನೆ ಕೊಡಿ ಅಂತ ಶಿಫಾರಸು ಮಾಡಿತ್ತು.

ಹಳೇಕಡತ
ಮಾಡಿತ್ತು. ಅದನ್ನ ಪರೀಕ್ಷೆಗೂ ಒಡ್ಡಿದ್ರು. ಗ್ರನ್‌ಫೆಲ್ಡ್ ತಂಡ 2011ರಲ್ಲಿ ಪ್ರಕಟಿಸಿದ ಕೆನಡಾದ ಪ್ರಯೋಗ: ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 408 ಮಹಿಳೆಯರು, ಅರ್ಧ ಜನಕ್ಕೆ ಲಿಖಿತ ಯೋಜನೆ ಮತ್ತು ಅದನ್ನ ವಿವರಿಸೋಕೆ ನರ್ಸ್ ಜೊತೆ 30 ನಿಮಿಷ. ಕ್ಯಾನ್ಸರ್ ಸಂಬಂಧಿ ಮಾನಸಿಕ ಸಂಕಟದಲ್ಲಿ ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣಲಿಲ್ಲ.

ಬೆಳಗಿನಸುತ್ತು
ಆ ಪ್ರಯೋಗವನ್ನ ಹಾಗೆ ಓದೋದು ನ್ಯಾಯ ಅಲ್ಲ ಸರ್. ಅವರ ಮುಖ್ಯ ಅಳತೆ ಸಂಕಟ. ಫಾಲೋಅಪ್ ಯಾರ ಹತ್ರ, ಯಾವಾಗ ಅಂತ ಬರೆದ ಕಾಗದ ಸಂಕಟವನ್ನ ಯಾಕೆ ಇಳಿಸಬೇಕು? ಅದು ಬದಲಾಯಿಸಬಹುದಾಗಿದ್ದ ವಿಷಯ ಬೇರೆ. ಕಂಟ್ರೋಲ್ ಗುಂಪಿಗೂ ಬಿಡುಗಡೆಯ ಭೇಟಿ ಇತ್ತು, ಕುಟುಂಬ ವೈದ್ಯರಿಗೆ ಒಪ್ಪಿಸೋದೂ ಇತ್ತು. ವ್ಯತ್ಯಾಸ ಕಾಣೋಕೆ ಜಾಗವೇ ಕಡಿಮೆ.

ದತ್ತಾಂಶದಾಸ
ಇಬ್ಬರ ಮಾತೂ ಕೊನೆಗೆ ಪ್ರಶ್ನೆ ಕೇಳಿದವರಿಗೇ ಬಂದು ತಾಗುತ್ತೆ. ನೀವು ಕೊಡೋದು ಏನನ್ನ ಬದಲಾಯಿಸಬಲ್ಲದು ಅಂತ ಮೊದಲು ಬರ್ಕೊಳ್ಳಿ, ಅಳತೆ ಆಮೇಲೆ ಆರಿಸಿ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಸಂಕೀರ್ಣ ಹಸ್ತಕ್ಷೇಪಗಳ (ಹಲವು ಭಾಗ ಇರೋ ಬೆಂಬಲ, ಚಿಕಿತ್ಸೆಗಳ) ಮಾರ್ಗದರ್ಶಿ (2000ದಲ್ಲಿ ಬಂತು, 2008 ಮತ್ತು 2021ರಲ್ಲಿ ಪರಿಷ್ಕರಣೆ) ಇದನ್ನೇ ಒತ್ತಿ ಹೇಳುತ್ತೆ.

ಹೆಜ್ಜೆಲೆಕ್ಕ
ಪುಸ್ತಿಕೆ ವಿರುದ್ಧ ಬೆಂಬಲ ಅನ್ನೋ ಜಗಳಕ್ಕೆ ಬೇಕಾದ ಪ್ರಯೋಗ 2025ರಲ್ಲಿ ಬಂತಲ್ಲ, ಚಾಲೆಂಜ್ ಅಂತ. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಮುಗಿಸಿದ 889 ಜನ. ಒಂದು ಗುಂಪಿಗೆ ಆರೋಗ್ಯ ಶಿಕ್ಷಣದ ಸಾಮಗ್ರಿ ಮಾತ್ರ. ಇನ್ನೊಂದಕ್ಕೆ ಅದರ ಜೊತೆ 3 ವರ್ಷ ವ್ಯಾಯಾಮದ ತರಬೇತಿ, ಅಭ್ಯಾಸ ರೂಢಿಸೋ ಭೇಟಿಗಳು. 5 ವರ್ಷಕ್ಕೆ ಕಾಯಿಲೆ ಮರಳದೆ ಬದುಕಿದ್ದವರು 80.3% ಮತ್ತು 73.9%. ಓದೋ ಸಾಮಗ್ರಿ ಎರಡೂ ಕಡೆ ಇತ್ತು. ಹೆಚ್ಚುವರಿಯಾಗಿ ಇದ್ದದ್ದು ಮನುಷ್ಯರ ಬೆಂಬಲ.

ಮೂರನೇಪಾಳಿ
ಅದು ನರ್ಸಿಂಗ್ ಪ್ರಯೋಗ ಅಲ್ಲ, ಬೆಂಬಲ ಕೊಟ್ಟದ್ದು ವ್ಯಾಯಾಮ ತಜ್ಞರು. ಸ್ನಾಯು, ಮೂಳೆ, ಕೀಲಿನ ತೊಂದರೆಗಳೂ ಆ ಗುಂಪಲ್ಲೇ ಜಾಸ್ತಿ: 18.5%, ಇನ್ನೊಂದರಲ್ಲಿ 11.5%. ಇದನ್ನೂ ಜೊತೆಗೇ ಹೇಳಬೇಕು.

ಹೆಜ್ಜೆಲೆಕ್ಕ
ಒಪ್ಪಿದೆ. ಅದಕ್ಕೇ ಪ್ರಸ್ತಾವನೆಯಲ್ಲಿ ಅಡ್ಡಪರಿಣಾಮ ದಾಖಲಿಸೋ ಹಾಳೆ ಇರಲೇಬೇಕು. ಸ್ವನಿರ್ವಹಣೆ ಅಂದ ತಕ್ಷಣ ಹಾನಿಯೇ ಇಲ್ಲ ಅಂದ್ಕೊಂಡು ಆ ಕಾಲಂ ಬಿಟ್ಟುಬಿಡ್ತಾರೆ.

ಶುಶ್ರೂಷಾಪಥ
ಸರಿ, ಹಾಗಾದ್ರೆ ಪಾಠದ ಬದಲು ಏನು ಇಡಲಿ? ವಾರಕ್ಕೊಂದು ಭೇಟಿ ಅಂದ್ರೆ ದೂರದಿಂದ ಬರೋರಿಗೆ ಕಷ್ಟ. ಫೋನ್ ಆಗುತ್ತಾ?

ಕರೆಘಂಟೆ
ಫೋನ್ ಧಾರಾಳವಾಗಿ ಆಗುತ್ತೆ, ಕರೆಯಲ್ಲಿ ಏನು ನಡೀಬೇಕು ಅಂತ ಬರೆದಿಟ್ಟಿದ್ರೆ. "ಹೇಗಿದ್ದೀರಿ, ಎಲ್ಲಾ ಸರಿ ತಾನೇ?" ಅನ್ನೋ ಕರೆ ಲೆಕ್ಕಕ್ಕಿಲ್ಲ.

ಮೊದಲ ಭೇಟಿ ಎದುರಾಎದುರು, 45 ರಿಂದ 60 ನಿಮಿಷ. ಸುಸ್ತು, ನೋವು, ನಿದ್ದೆ, ಚಿಂತೆ ಪ್ರತಿಯೊಂದಕ್ಕೂ 0 ಯಿಂದ 10ರ ಅಂಕ ಕೇಳಿ. ಯಾವುದರಿಂದ ಶುರು ಮಾಡೋಣ ಅನ್ನೋದನ್ನ ರೋಗಿಯೇ ಆರಿಸಲಿ. ನಿಮಗೆ ಲಿಂಫೆಡಿಮಾ (ಚಿಕಿತ್ಸೆಯಾದ ಕಡೆಯ ಕೈ ಊದಿಕೊಳ್ಳೋದು) ಮುಖ್ಯ ಅನ್ನಿಸಬಹುದು, ಅವರಿಗೆ ರಾತ್ರಿ ನಿದ್ದೆ ಬಾರದಿರೋದೇ ದೊಡ್ಡದಿರಬಹುದು. ಆಮೇಲೆ ಒಂದೇ ಒಂದು ಕಾರ್ಯಯೋಜನೆ: ಏನು, ಎಷ್ಟು, ಯಾವ ಹೊತ್ತು, ವಾರಕ್ಕೆ ಎಷ್ಟು ಸಲ. "ಜಾಸ್ತಿ ನಡೀತೀನಿ" ಯೋಜನೆ ಆಗಲ್ಲ. "ಸೋಮ, ಬುಧ, ಶುಕ್ರ ಬೆಳಗ್ಗೆ 10 ನಿಮಿಷ ನಡೀತೀನಿ" ಅನ್ನೋದು ಆಗುತ್ತೆ. ನಂತರ ಕೇಳಿ: ಇದನ್ನ ಪೂರ್ತಿ ಮಾಡ್ತೀನಿ ಅನ್ನೋ ಭರವಸೆ 10ಕ್ಕೆ ಎಷ್ಟು? 7ಕ್ಕಿಂತ ಕಡಿಮೆ ಬಂದ್ರೆ ಯೋಜನೆಯನ್ನ ಚಿಕ್ಕದು ಮಾಡಿ, 3 ದಿನ 2 ದಿನ ಆಗಲಿ. ಹುರಿದುಂಬಿಸಿ 7ಕ್ಕೆ ಎಳೀಬೇಡಿ, ಅದು ನಿಮ್ಮ ಸಮಾಧಾನಕ್ಕೆ ಹೇಳಿದ ಅಂಕ ಆಗುತ್ತೆ.

ಮುಂದಿನ ಕರೆಗಳು 15 ರಿಂದ 20 ನಿಮಿಷ ಸಾಕು. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ 12ನೇ ವಾರದವರೆಗೆ ಎರಡು ವಾರಕ್ಕೊಮ್ಮೆ. ಆಗಲಿಲ್ಲ ಅಂದವರ ಹತ್ರ ಯಾಕೆ ಅಂತ ದಬಾಯಿಸದೆ, ಅಡ್ಡ ಬಂದದ್ದೇನು, ಬೇರೆ ಏನೇನು ಮಾಡಬಹುದು ಅಂತ ಅವರ ಬಾಯಲ್ಲೇ ಎರಡು ಮೂರು ದಾರಿ ಬರೋವರೆಗೆ ಕಾಯಿರಿ. ಕಾಯೋದು ಕಷ್ಟ, ಪಾಠ ಹೇಳೋ ಅಭ್ಯಾಸ ಬಾಯಿಗೆ ಬಂದುಬಿಡುತ್ತೆ. ತರಬೇತಿಯಲ್ಲಿ ಹೆಚ್ಚು ಸಮಯ ಕೊಡಬೇಕಾದ್ದು ಅಲ್ಲೇ.

ಗೋಧೂಳಿ
ಈ 7ರ ಲೆಕ್ಕ ಎಲ್ಲಿಂದ?

ಹಳೇಕಡತ
ಸ್ಟ್ಯಾನ್‌ಫರ್ಡ್‌ನ ಲೋರಿಗ್ ಅವರ ಕಾರ್ಯಕ್ರಮದಿಂದ. ಅದು 6 ವಾರ, ವಾರಕ್ಕೆ ಎರಡೂವರೆ ಗಂಟೆ, ಗುಂಪಿನಲ್ಲಿ. ಹಿಂದಿರೋ ತರ್ಕ ಮನಶ್ಶಾಸ್ತ್ರಜ್ಞ ಬಂಡೂರಾ 1977ರಲ್ಲಿ ಹೇಳಿದ್ದು. ತನ್ನಿಂದ ಆಗುತ್ತೆ ಅನ್ನೋ ನಂಬಿಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬೆಳೆಯೋದು ಸ್ವತಃ ಮಾಡಿ ಗೆದ್ದಾಗ. ತನ್ನಂಥವರು ಮಾಡಿದ್ದು ನೋಡಿದ್ರೂ ಬೆಳೆಯುತ್ತೆ, ಬರೀ ಮಾತಿನ ಪ್ರೋತ್ಸಾಹಕ್ಕೆ ಅಷ್ಟು ಬಲ ಇಲ್ಲ. ಅದಕ್ಕೇ ಮೊದಲ ಯೋಜನೆ ಗೆಲ್ಲುವಷ್ಟು ಚಿಕ್ಕದಿರಬೇಕು.

ಕೈಅಳತೆ
ಸ್ತನ ಕ್ಯಾನ್ಸರ್ ಅಂದಮೇಲೆ ಲಿಂಫೆಡಿಮಾ ಬಿಡೋಕಾಗಲ್ಲ. ಪುಸ್ತಿಕೆಯಲ್ಲಿ "ಆ ಕೈಯಲ್ಲಿ ಭಾರ ಎತ್ತಲೇಬಾರದು" ಅಂತ ಇದ್ರೆ ಮೊದಲು ಅದನ್ನ ತೆಗೀರಿ. ಶ್ಮಿಟ್ಜ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಿಂಫೆಡಿಮಾ ಇದ್ದ 141 ಮಹಿಳೆಯರಲ್ಲಿ ಒಂದು ಗುಂಪು ವಾರಕ್ಕೆರಡು ಸಲ, ನಿಧಾನವಾಗಿ ಏರಿಸುತ್ತಾ ಭಾರ ಎತ್ತಿದ್ರು. ಊತ ಹೆಚ್ಚಾಗಲಿಲ್ಲ. ಉಲ್ಬಣಗೊಂಡವರು 14%, ಭಾರ ಎತ್ತದ ಗುಂಪಲ್ಲಿ 29%.

ಗೋಧೂಳಿ
ಹಾಗಂತ ಮನೆಗೆ ಹೋಗಿ ಡಂಬೆಲ್ಸ್ ಎತ್ತಿ ಅಂತ ಹೇಳಿಬಿಡೋದಾ?

ಕೈಅಳತೆ
ಇಲ್ಲ. ಅವರು ಮೊದಲ 13 ವಾರ ತರಬೇತುದಾರರ ಮುಂದೆ ಮಾಡಿದ್ರು, ಅಳತೆಗೆ ಹೊಲಿಸಿದ ಒತ್ತುತೋಳು (ಊತ ತಡೆಯೋ ಬಿಗಿ ತೋಳುಚೀಲ) ಹಾಕ್ಕೊಂಡಿದ್ರು, ತೀರಾ ಕಡಿಮೆ ಭಾರದಿಂದ ಶುರು ಮಾಡಿದ್ರು. ಕೈಯ ಲಕ್ಷಣ ಬದಲಾದ್ರೆ ತಡೆದು ನೋಡೋ ವ್ಯವಸ್ಥೆ ಇತ್ತು. ಇವಿಷ್ಟನ್ನ ಬಿಟ್ಟು "ಭಾರ ಎತ್ತಿದ್ರೆ ಒಳ್ಳೇದು" ಅಂತ ಒಂದೇ ಸಾಲು ಬರೆದ್ರೆ ಅದು ಇನ್ನೊಂದು ಕಡೆಯ ತಪ್ಪು.

ಅಳತೆ ಬಗ್ಗೆಯೂ ಹೇಳಿಬಿಡ್ತೀನಿ, ಇಲ್ಲಿ ತುಂಬಾ ಅಧ್ಯಯನ ಕೆಡುತ್ತೆ. ಮಣಿಕಟ್ಟಿನ ಹೊರಗಿನ ಮೂಳೆಯ ಉಬ್ಬಿನಿಂದ ಶುರು ಮಾಡಿ ಪ್ರತಿ 4 ಸೆಂಮೀಗೆ ಗುರುತು ಹಾಕಿ, ಟೇಪ್ ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಎರಡು ಗುರುತಿನ ನಡುವಿನ ತುಂಡಿನ ಗಾತ್ರಕ್ಕೆ: ಮೊದಲ ಸುತ್ತಳತೆಯ ವರ್ಗ, ಎರಡನೆಯದರ ವರ್ಗ, ಎರಡರ ಗುಣಲಬ್ಧ, ಮೂರನ್ನೂ ಕೂಡಿಸಿ, ಎತ್ತರದಿಂದ (ಎರಡು ಗುರುತಿನ ನಡುವಿನ ದೂರ) ಗುಣಿಸಿ, 37.7ರಿಂದ (ಅಂದ್ರೆ 12 ಪೈ) ಭಾಗಿಸಿ. 24 ಮತ್ತು 26 ಸೆಂಮೀ ಇದ್ರೆ 576, 676, 624, ಒಟ್ಟು 1876. ಎತ್ತರ 4 ಅಂದ್ರೆ 7504, ಭಾಗಿಸಿದ್ರೆ ಸುಮಾರು 199 ಮಿಲೀ. ಎಲ್ಲಾ ತುಂಡು ಕೂಡಿಸಿದ್ರೆ ತೋಳಿನ ಗಾತ್ರ.

10% ಹೆಚ್ಚಳವನ್ನ ಲಿಂಫೆಡಿಮಾ ಅನ್ನೋದು ರೂಢಿ. ಆದ್ರೆ ಯಾವುದಕ್ಕೆ ಹೋಲಿಸಿ? ಆಪರೇಷನ್‌ಗೆ ಮುಂಚಿನ ಅಳತೆ ಇದ್ರೆ ಒಳ್ಳೇದು. ಇಲ್ಲದೆ ಇನ್ನೊಂದು ಕೈಗೆ ಹೋಲಿಸಿದ್ರೆ, ಹೆಚ್ಚು ಬಳಸೋ ಕೈ ಮೊದಲೇ ಸ್ವಲ್ಪ ದಪ್ಪ ಇರೋದ್ರಿಂದ ಲೆಕ್ಕ ವಾಲುತ್ತೆ. ಪ್ರತಿ ಸಲವೂ ಒಬ್ಬರೇ ಅಳೀಲಿ, ದಿನದ ಅದೇ ಹೊತ್ತಲ್ಲಿ ಅಳೀಲಿ. ತೂಕವನ್ನೂ ಬರ್ಕೊಳ್ಳಿ, ಮೈ ದಪ್ಪ ಆದ್ರೆ ಎರಡೂ ಕೈ ದಪ್ಪ ಆಗುತ್ತೆ.

ಬೆಳಗಿನಸುತ್ತು
ರೋಗಿ ಮನೆಯಲ್ಲಿ ಇಷ್ಟೆಲ್ಲಾ ಲೆಕ್ಕ ಮಾಡಲ್ಲ. ಅವರಿಗೆ ಎರಡು ಗುರುತು ಸಾಕು, ಮುಂಗೈಗೊಂದು, ಮೇಲ್ತೋಳಿಗೊಂದು. ತಿಂಗಳಿಗೊಮ್ಮೆ ಟೇಪ್. ಅಂಕಿಗಿಂತ ಮೊದಲು ಕೈ ಭಾರ ಅನ್ನಿಸೋದು, ಬಳೆ ಬಿಗಿಯೋದು, ರವಿಕೆಯ ತೋಳು ಬಿಗಿ ಆಗೋದು ಗೊತ್ತಾಗುತ್ತೆ. ಅದನ್ನ ಗಮನಿಸೋಕೆ ಕಲಿಸಿ.

ಮೂರನೇಪಾಳಿ
ಮತ್ತೆ, ಕೈ ಕೆಂಪಾಗಿ, ಬಿಸಿಯಾಗಿ, ಕೆಂಪು ಹರಡ್ತಾ ಜ್ವರ ಬಂದ್ರೆ ಅದು ಸ್ವನಿರ್ವಹಣೆಯ ವಿಷಯ ಅಲ್ಲವೇ ಅಲ್ಲ. ಅದೇ ದಿನ ಆಸ್ಪತ್ರೆ. ಹೊಸ ಗಂಟು, ವಾರಗಟ್ಟಲೆ ಹೋಗದ ಮೂಳೆ ನೋವು, ಉಸಿರು ಕಟ್ಟೋದು, ಹಠಾತ್ತಾಗಿ ಕಾಲು ಸೋಲೋದು, ಇವೂ ಅಷ್ಟೇ. ಯಾವ ನಂಬರಿಗೆ ಕರೆ, ರಾತ್ರಿ ಯಾರು ಎತ್ತುತ್ತಾರೆ ಅಂತ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರಲಿ. ಆ ನಂಬರು ಎತ್ತೋರಿಲ್ಲ ಅಂದ್ರೆ ಅಧ್ಯಯನ ಶುರುವೇ ಮಾಡಬೇಡಿ. ಸ್ವನಿರ್ವಹಣೆ ಹೆಸರಲ್ಲಿ ರೋಗಿಯನ್ನ ಒಂಟಿ ಬಿಡೋದು ನನಗೆ ಒಪ್ಪಿಗೆಯಿಲ್ಲ.

ಕರೆಘಂಟೆ
ಇದಕ್ಕೆ ಪುರಾವೆಯೂ ಇದೆ. ಬಾಶ್ ತಂಡ 2017ರಲ್ಲಿ ಪ್ರಕಟಿಸಿದ್ದು: 766 ಜನ, ರೋಗಿಗಳೇ ಲಕ್ಷಣಗಳನ್ನ ಕಂಪ್ಯೂಟರಿನಲ್ಲಿ ವರದಿ ಮಾಡ್ತಿದ್ರು, ಹದಗೆಟ್ರೆ ನರ್ಸ್‌ಗೆ ಇಮೇಲ್ ಎಚ್ಚರಿಕೆ. ಬದುಕುಳಿದ ಮಧ್ಯಂಕ ಅವಧಿ 31.2 ತಿಂಗಳು, ಮಾಮೂಲಿ ಆರೈಕೆಯಲ್ಲಿ 26.0. ಎಚ್ಚರಿಕೆ ನೋಡಿ ಕೈಹಾಕೋ ನರ್ಸ್ ಆ ಕಡೆ ಇದ್ರು, ಅದು ಮುಖ್ಯ.

ಹಳೇಕಡತ
ಆದ್ರೆ ಅವರೆಲ್ಲ ಹರಡಿದ ಕ್ಯಾನ್ಸರ್‌ಗೆ ಕೀಮೋ ತಗೋತಿದ್ದವರು. ಚಿಕಿತ್ಸೆ ಮುಗಿಸಿದವರಿಗೆ ಆ ಅಂಕಿಯನ್ನ ನೇರ ಅಂಟಿಸಬೇಡಿ. ಪ್ರಸ್ತಾವನೆಯಲ್ಲಿ ಉಲ್ಲೇಖಿಸುವಾಗ ಈ ಸಾಲೂ ಸೇರಲಿ.

ಶುಶ್ರೂಷಾಪಥ
ಇದೆಲ್ಲ ತುಂಬಾ ಉಪಯೋಗ ಆಯ್ತು. ಮುಖ್ಯ ಅಳತೆಗೆ ಸ್ವಸಾಮರ್ಥ್ಯದ ನಂಬಿಕೆ ಇಟ್ಕೊಳ್ಳೋಣ ಅಂತಿದ್ದೀನಿ, ಲೋರಿಗ್ ಅವರ 6 ಪ್ರಶ್ನೆಗಳ ಮಾಪಕ.

ಹೆಜ್ಜೆಲೆಕ್ಕ
ಬೇಡ. ನಂಬಿಕೆ ನಡುವಿನ ಮೆಟ್ಟಿಲು. ರೋಗಿಗೆ ತಾಗೋದು ಸುಸ್ತು ಇಳಿತಾ, ಕೆಲಸ ಮಾಡ್ಕೊಳ್ಳೋಕಾಯ್ತಾ ಅನ್ನೋದು.

ಕರೆಘಂಟೆ
ನನಗೆ ಹಾಗನ್ನಿಸಲ್ಲ. ಸೌತಾಂಪ್ಟನ್‌ನ ಫೋಸ್ಟರ್ ಮತ್ತು ಫೆನ್ಲನ್ 2011ರ ಚೌಕಟ್ಟಿನಲ್ಲಿ ಚಿಕಿತ್ಸೆಯ ನಂತರ ಕುಸಿದ ಆತ್ಮವಿಶ್ವಾಸ ಮರಳೋದನ್ನೇ ಚೇತರಿಕೆಯ ನಡುಗಂಬ ಮಾಡಿದ್ದಾರೆ. ಮನೆಗೆ ಹೋದಮೇಲೆ "ನನ್ನಿಂದ ಆಗುತ್ತೆ" ಅನ್ನಿಸೋದು ತನ್ನಷ್ಟಕ್ಕೇ ಬೆಲೆಯುಳ್ಳದ್ದು. 12 ವಾರದಲ್ಲಿ ಕಾಣಿಸುವಂಥದ್ದೂ ಹೌದು.

ಹೆಜ್ಜೆಲೆಕ್ಕ
ಬೆಲೆ ಇದೆ, ಆದ್ರೆ ನೀವೇ 12 ವಾರ "ಭರವಸೆ ಎಷ್ಟು" ಅಂತ ಕೇಳಿ, ಕೊನೆಗೆ ಅದನ್ನೇ ಮುಖ್ಯ ಅಳತೆಯಾಗಿ ಕೇಳಿದ್ರೆ ಒಂದು ಗುಂಪಿಗೆ ಉತ್ತರ ಕಲಿಸಿಕೊಟ್ಟಂತೆ.

ದತ್ತಾಂಶದಾಸ
ಈ ಕೊನೆಯ ಮಾತು ಗಟ್ಟಿ. ಸುಸ್ತನ್ನ ಮುಖ್ಯ ಅಳತೆ ಮಾಡಿ, ನಂಬಿಕೆಯನ್ನ ಎರಡನೇದಾಗಿ 6ನೇ ವಾರದಲ್ಲೂ ಅಳೀರಿ. ನಂಬಿಕೆ ಮೊದಲು ಏರಿ ಆಮೇಲೆ ಸುಸ್ತು ಇಳಿತಾ ಅಂತ ನೋಡಬಹುದು.

ಫ್ಯಾಸಿಟ್ ಸುಸ್ತಿನ ಮಾಪಕ ತಗೊಂಡ್ರೆ 13 ಪ್ರಶ್ನೆ, 0 ಯಿಂದ 52. ರೋಗಿಗೆ ಗೊತ್ತಾಗುವಷ್ಟು ಬದಲಾವಣೆ 3 ರಿಂದ 4 ಅಂಕ. 4 ಅಂಕದ ವ್ಯತ್ಯಾಸ ಹಿಡೀಬೇಕು, ವಿಚಲನೆ (ಅಂಕಗಳು ಸರಾಸರಿಯಿಂದ ಚದುರಿರೋ ಪ್ರಮಾಣ) 10 ಅಂದ್ಕೊಂಡ್ರೆ, 80% ಶಕ್ತಿ (ಇರೋ ವ್ಯತ್ಯಾಸ ಹಿಡಿಯೋ ಸಾಧ್ಯತೆ), 5% ಮಹತ್ವಮಟ್ಟಕ್ಕೆ (ಇಲ್ಲದ ವ್ಯತ್ಯಾಸ ಇದೆ ಅನ್ನೋ ಸಾಧ್ಯತೆ) ಗುಂಪಿಗೆ ಸುಮಾರು 98 ಜನ. 20% ಬಿಟ್ಟುಹೋಗ್ತಾರೆ ಅಂದ್ರೆ 123. ಮೊದಲ ಅಂಕವನ್ನ ಸೇರಿಸಿ ವಿಶ್ಲೇಷಿಸಿದ್ರೆ, ಮೊದಲ ಮತ್ತು ಕೊನೆಯ ಅಂಕದ ಸಹಸಂಬಂಧ 0.5 ಇದ್ದಾಗ 98ರ ಬದಲು 74 ಸಾಕು. 60 ಜನರ ಒಂದೇ ಗುಂಪಿಗೂ ಇದಕ್ಕೂ ಇರೋ ದೂರ ನೋಡಿ. ಪ್ರಬಂಧದ ಅವಧಿಯಲ್ಲಿ ಅಷ್ಟು ಜನ ಸಿಗಲ್ಲ ಅಂದ್ರೆ ಕಾರ್ಯಸಾಧ್ಯತಾ ಅಧ್ಯಯನ ಅಂತಲೇ ಪ್ರಾಮಾಣಿಕವಾಗಿ ಬರೀರಿ: ಎಷ್ಟು ಜನರನ್ನ ಕೇಳಿದ್ರಿ, ಎಷ್ಟು ಜನ ಒಪ್ಪಿದ್ರು, ಎಷ್ಟು ಕರೆ ಪೂರ್ತಿಯಾಯ್ತು, ಯಾರು ಯಾಕೆ ಬಿಟ್ರು. ಅದಕ್ಕೆ 60 ಧಾರಾಳ.

ಗೋಧೂಳಿ
ಎರಡು ಗುಂಪು ಮಾಡಿದ್ರೆ ಅದೇ ವಾರ್ಡಿನ ನರ್ಸ್‌ಗಳು ಎರಡೂ ಕಡೆಯವರಿಗೆ ಅದನ್ನೇ ಹೇಳಿಬಿಡಲ್ವಾ?

ದತ್ತಾಂಶದಾಸ
ಹೇಳ್ತಾರೆ. ಕೌಶಲ ಕಲಿತ ನರ್ಸ್ ಅದನ್ನ ಕಂಟ್ರೋಲ್ ಗುಂಪಿನ ಮುಂದೆ ಮರೀಲಿ ಅಂತ ಕೇಳೋದು ಸರಿಯೂ ಅಲ್ಲ. ಅದಕ್ಕೆ ಕರೆ ಮಾಡೋ ನರ್ಸ್ ವಾರ್ಡಿನಿಂದ ಹೊರಗಿನವರಿರಲಿ. ಇಲ್ಲವೇ ವಾರ್ಡ್‌ಗಳನ್ನೇ ಗುಂಪಾಗಿ ಹಂಚಬೇಕು, ಆಗ ಜನ ಹೆಚ್ಚು ಬೇಕು. ಒಂದು ವಾರ್ಡಿಗೆ 20 ಜನ, ಒಳಗಿನ ಸಾಮ್ಯ (ಒಂದೇ ವಾರ್ಡಿನವರ ಅಂಕಗಳು ಒಂದಕ್ಕೊಂದು ಹೋಲೋ ಪ್ರಮಾಣ) 0.05 ಅಂದ್ರೆ 1 ಕೂಡಿಸು 19 ಗುಣಿಸು 0.05, ಅಂದ್ರೆ 1.95 ಪಟ್ಟು. 98 ಇದ್ದದ್ದು 192 ಆಗುತ್ತೆ.

ಕರೆಘಂಟೆ
ಜೊತೆಗೆ, ಕಂಟ್ರೋಲ್ ಗುಂಪಿಗೆ "ಮಾಮೂಲಿ ಆರೈಕೆ" ಅಂತ ಎರಡೇ ಪದ ಬರೆದು ಮುಗಿಸಬೇಡಿ. ಅವರಿಗೆ ಯಾರು ಏನು ಹೇಳಿದ್ರು ಅಂತಲೂ ದಾಖಲಿಸಿ. ನಿಮ್ಮ ಕರೆಗಳಲ್ಲಿ ಹತ್ತರಲ್ಲಿ ಒಂದನ್ನಾದ್ರೂ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿ, ಯೋಜನೆ ರೋಗಿ ಹಾಕಿದ್ದಾ ನರ್ಸ್ ಹಾಕಿದ್ದಾ ಅಂತ ಬೇರೊಬ್ಬರು ಕೇಳಿ ಗುರುತು ಹಾಕಲಿ. ಬರವಣಿಗೆಗೆ, ಕೊಟ್ಟ ಬೆಂಬಲವನ್ನ ಹೇಗೆ ವಿವರಿಸಬೇಕು ಅಂತ ಹೇಳೋ 2014ರ ಟೈಡಿಯರ್ ಪಟ್ಟಿಯ 12 ಅಂಶ ಸಾಕು.

ಓದುಬರಹ
ಯಾರೂ ಹೇಳದ ಒಂದು ವಿಷಯ. ಒಪ್ಪಿಗೆ ಪತ್ರ, ಪುಸ್ತಿಕೆ, ಡೈರಿ, ಪ್ರಶ್ನಾವಳಿ, ನಾಲ್ಕೂ ಓದು ಬಲ್ಲವರಿಗೆ. ಓದಲಾಗದವರು ಮೊದಲ ದಿನವೇ ಹೊರಗುಳೀತಾರೆ. ಆಮೇಲೆ "ಬೆಂಬಲ ಕೆಲಸ ಮಾಡಿತು" ಅನ್ನೋದು ಯಾರ ವಿಷಯದಲ್ಲಿ? ಪ್ರಶ್ನೆ ಓದಿ ಹೇಳಿ ಉತ್ತರ ಗುರುತಿಸೋ ವ್ಯವಸ್ಥೆ ಇಡಿ, ಆದ್ರೆ ಕರೆ ಮಾಡಿದ ನರ್ಸ್ ಓದಬಾರದು, ಮುಖ ನೋಡಿ ಒಳ್ಳೆ ಅಂಕ ಹೇಳ್ತಾರೆ. ಡೈರಿ ಬದಲು ಚಿತ್ರದ ಕ್ಯಾಲೆಂಡರ್, ಮಾಡಿದ ದಿನಕ್ಕೆ ಗೆರೆ. "ಅರ್ಥ ಆಯ್ತಾ?" ಅಂತ ಕೇಳಿದ್ರೆ ಎಲ್ಲರೂ ಹೂಂ ಅಂತಾರೆ. "ಮನೆಯಲ್ಲಿ ಹೇಗೆ ಮಾಡ್ತೀರಿ, ನನಗೆ ಹೇಳಿ ತೋರಿಸಿ" ಅನ್ನಿ, ತಪ್ಪಿದ್ರೆ ಬೇರೆ ರೀತಿಯಲ್ಲಿ ವಿವರಿಸಿ ಮತ್ತೆ ಕೇಳಿ.

ಬೆಳಗಿನಸುತ್ತು
ಇದಕ್ಕೆ ನನ್ನ ಪೂರ್ತಿ ಬೆಂಬಲ. ಸುಸ್ತಿನ ಬಗ್ಗೆ ಇನ್ನೊಂದು: 0 ಯಿಂದ 10ರಲ್ಲಿ 4 ಅಥವಾ ಮೇಲೆ ಇದ್ರೆ ಕಾರ್ಯಯೋಜನೆಗೆ ಹಾರೋ ಮುಂಚೆ ಹಿಮೋಗ್ಲೋಬಿನ್, ಥೈರಾಯ್ಡ್, ನಿದ್ದೆ, ಖಿನ್ನತೆ, ತಗೊಳ್ತಿರೋ ಔಷಧಿ ನೋಡಿಸಿ. ರಕ್ತಹೀನತೆ ಇರೋರಿಗೆ ನಡಿಗೆ ಬಗ್ಗೆ ಮಾತಾಡ್ತಾ ಕೂತ್ರೆ ಅನ್ಯಾಯ. ಹಾರ್ಮೋನ್ ಮಾತ್ರೆಯನ್ನೂ ಕೇಳಿ. 5 ವರ್ಷ, ಕೆಲವರಿಗೆ ಇನ್ನೂ ಹೆಚ್ಚು ತಗೋಬೇಕಾದ್ದು, ಕೀಲುನೋವು ತಡೀದೆ ಹೇಳದೇ ನಿಲ್ಲಿಸಿಬಿಡೋರು ಇದ್ದಾರೆ. "ಕಳೆದ ವಾರ ಎಷ್ಟು ದಿನ ತಪ್ಪಿತು?" ಅಂತ ಕೇಳಿದ್ರೆ ಹೇಳ್ತಾರೆ, "ಸರಿಯಾಗಿ ತಗೋತಿದ್ದೀರಾ?" ಅಂದ್ರೆ ಹೇಳಲ್ಲ.

ಶುಶ್ರೂಷಾಪಥ
ಹೊಸ ಕರಡು: ಕಾರ್ಯಸಾಧ್ಯತಾ ಅಧ್ಯಯನ, 60 ಜನ, ಗುಂಪಿಗೆ 30, ಯಾದೃಚ್ಛಿಕ ಹಂಚಿಕೆ. ಒಂದು ಭೇಟಿ, 12 ವಾರದಲ್ಲಿ 8 ಕರೆ, ವಾರ್ಡಿನ ಹೊರಗಿನ ನರ್ಸ್. ಸುಸ್ತಿಗೆ ಫ್ಯಾಸಿಟ್, ಬದುಕಿನ ಗುಣಮಟ್ಟಕ್ಕೆ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಒಆರ್‌ಟಿಸಿಯ 30 ಪ್ರಶ್ನೆಗಳ ಪ್ರಶ್ನಾವಳಿ, ಸ್ವಸಾಮರ್ಥ್ಯಕ್ಕೆ 6 ಪ್ರಶ್ನೆ. ಅಳತೆ ಶುರುವಿನಲ್ಲಿ, 6ನೇ ವಾರ, 12ನೇ ವಾರ. ಅಡ್ಡಪರಿಣಾಮದ ಹಾಳೆ, ರಾತ್ರಿಯ ನಂಬರ್ ಎರಡೂ ಸೇರಿಸಿದ್ದೀನಿ. ಗಾತ್ರದ ಅಳತೆ ಬಿಟ್ಟು ಕೈಯ ಲಕ್ಷಣ ಮಾತ್ರ ಕೇಳ್ತೀನಿ.

ಕೈಅಳತೆ
ಶುರುವಿನಲ್ಲಿ ಒಂದು ಸಲವಾದ್ರೂ ಅಳೆದಿಡಿ. ಆಮೇಲೆ ಯಾರಿಗಾದ್ರೂ ಊತ ಬಂದ್ರೆ ಹೋಲಿಸೋಕೆ ಬೇಕಾಗುತ್ತೆ.

ದತ್ತಾಂಶದಾಸ
ಎರಡು ಮಾಪಕದ ದಿಕ್ಕು ಬೇರೆ, ಇಲ್ಲಿ ಎಚ್ಚರ. ಫ್ಯಾಸಿಟ್‌ನಲ್ಲಿ ಅಂಕ ಹೆಚ್ಚಾದಷ್ಟೂ ಸುಸ್ತು ಕಡಿಮೆ. ಇಒಆರ್‌ಟಿಸಿಯಲ್ಲಿ ಲಕ್ಷಣಗಳ ಭಾಗದಲ್ಲಿ ಅಂಕ ಹೆಚ್ಚಾದ್ರೆ ತೊಂದರೆ ಹೆಚ್ಚು, ಕಾರ್ಯಕ್ಷಮತೆಯ ಭಾಗದಲ್ಲಿ ಹೆಚ್ಚಾದ್ರೆ ಒಳ್ಳೇದು. ಫ್ಯಾಸಿಟ್‌ನ 13ರಲ್ಲಿ 11 ಪ್ರಶ್ನೆಗಳ ಅಂಕ ತಿರುಗಿಸಬೇಕು. ಶಕ್ತಿ ಇದೆ ಅನ್ನೋದು, ಮಾಮೂಲಿ ಕೆಲಸ ಮಾಡಬಲ್ಲೆ ಅನ್ನೋದು, ಈ ಎರಡನ್ನ ಹಾಗೇ ಬಿಡಬೇಕು. ಉತ್ತರ ಬಿಟ್ಟುಹೋದ್ರೆ ಕನಿಷ್ಠ 7 ಉತ್ತರ ಇರೋರಿಗೆ ಮಾತ್ರ ಒಟ್ಟು ಲೆಕ್ಕ ಹಾಕಿ: ಬಂದ ಮೊತ್ತವನ್ನ 13ರಿಂದ ಗುಣಿಸಿ, ಉತ್ತರಿಸಿದ ಪ್ರಶ್ನೆಗಳ ಸಂಖ್ಯೆಯಿಂದ ಭಾಗಿಸಿ. ಈ ಸೂತ್ರವನ್ನ ಅಂಕಿ ಕೈಗೆ ಬರೋ ಮುಂಚೆಯೇ ಪ್ರಸ್ತಾವನೆಯಲ್ಲಿ ಬರೆದಿಡಿ.

ಓದುಬರಹ
ಮಾಪಕಗಳ ಅನುವಾದ ಬಳಸೋಕೆ ಮಾಲೀಕರ ಅನುಮತಿ ಬೇಕು, ನೀವೇ ಅನುವಾದಿಸಿ ಬಳಸಬೇಡಿ. ಪತ್ರವನ್ನ ಈ ವಾರವೇ ಕಳಿಸಿ, ನೈತಿಕ ಸಮಿತಿ ಅದರ ಪ್ರತಿ ಕೇಳುತ್ತೆ.